ಕಳ್ಳಿಯ ಬುಡಕ್ಕೆ ದೇವರ ನೀರು

ಡಾಕ್ಟರ ಕಳ್ಳಿಗಳನ್ನು ಕೊಂದವಳು ನಾನು. ಚಳಿ ಕೊಲ್ಲಲಿಲ್ಲ, ಹಿಮ ಕೊಲ್ಲಲಿಲ್ಲ, ಅವರ ಮರೆವೂ ಕೊಲ್ಲಲಿಲ್ಲ — ಅವರಿಗೆ ಮರೆವೇ ಇರಲಿಲ್ಲ. ನಾನು ಕೊಂದೆ. ಕೇಳಿದಾಗ ಇಲ್ಲ ಅಂದೆ. ಆಮೇಲೆ ಎರಡು ವರ್ಷಕ್ಕೂ ಹೆಚ್ಚು ಕಾಲ ಅವರ ಎದುರಿಗೇ ಕೂತು ಉಂಡೆ. ನಡೆದದ್ದು ಇಷ್ಟೇ. ಇನ್ನು ಮುಂದೆ ಬರೆಯುವುದು ಅದು ಹೇಗೆ ನಡೆಯಿತು ಎಂಬುದನ್ನು ಮಾತ್ರ.

ಡಾಕ್ಟರು ಅಂದರೆ ನನ್ನ ಬೀಗರು, ಅಳಿಯ ಆನಂದನ ತಂದೆ. ಸುಮಾರು ಐವತ್ತು ವರ್ಷದ ಹಿಂದೆ ಧಾರವಾಡದಿಂದ ಈ ದೇಶಕ್ಕೆ ಬಂದವರು. ಗೈದರ್ಸ್‌ಬರ್ಗಿನಲ್ಲಿ ಮನೆ ಮಾಡಿ, ಕೆಲಸ ಮಾಡಿ, ಅಲ್ಲೇ ನಿವೃತ್ತರಾದವರು. ಹೆಂಡತಿ ತೀರಿಕೊಂಡ ಮೇಲೆ ಆ ಮನೆ ಮಾರಿ ಆಲ್ಡಿ ಎಂಬ ಊರಿಗೆ, ಮಗನ ಮನೆಗೆ ಬಂದರು. ಅಲ್ಲಿ ನಾನು ಮೊದಲೇ ಇದ್ದೆ. ಮಗಳು ಸುಮಾಳ ಬಾಣಂತನಕ್ಕೆಂದು ಬಾಗಲಕೋಟೆ ಕಡೆಯಿಂದ ಬಂದವಳು ನಾನು. ಆಗ ಹುಟ್ಟಿದ ರಿಯಾ ಈಗ ಮಿಡಲ್ ಸ್ಕೂಲಿಗೆ ಹೋಗುತ್ತಾಳೆ, ನಾನಿನ್ನೂ ಹಿಂದಿರುಗಿಲ್ಲ. ಬೀಗರೂ ಬೀಗತಿಯೂ ಒಂದೇ ಸೂರಿನ ಕೆಳಗೆ ಇರುವುದು ನಮ್ಮ ಕಡೆ ನಗೆಪಾಟಲಿನ ಮಾತು. ಇಲ್ಲಿ ಯಾರೂ ನಗಲಿಲ್ಲ. ಮೇಲಿನ ಕೋಣೆ ನನಗೆ, ಕೆಳಗಿನದು ಅವರಿಗೆ.

ಬಂದ ದಿನ ಅವರ ಕಾರಿನ ಡಿಕ್ಕಿಯಲ್ಲಿ ಬಟ್ಟೆಗಿಂತ ಕಳ್ಳಿಯೇ ಹೆಚ್ಚಿತ್ತು. ಹಳೇ ಪೇಪರಿನಲ್ಲಿ ಸುತ್ತಿದ ಹನ್ನೊಂದು ಗಿಡ. ನಾಲ್ಕೈದು ನಮ್ಮ ಪಾಪಾಸುಕಳ್ಳಿಯಂಥವೇ, ಅಂಗೈ ಮೇಲೆ ಅಂಗೈ ಅಂಟಿಸಿದಂತೆ. ಉಳಿದವು ಗುಂಡಗೆ, ಉದ್ದಗೆ, ಬೇರೆ ಬೇರೆ. ಗರಾಜಿನ ಪಕ್ಕದ ಬಾಗಿಲಿನ ಹೊರಗೆ, ಬಿಸಿಲು ಬೀಳುವ ಇಟ್ಟಿಗೆ ಗೋಡೆಯ ಬುಡದಲ್ಲಿ, ಮಣ್ಣಿಗಿಂತ ಹರಳೇ ಹೆಚ್ಚು ಹಾಕಿ ಏರುಮಡಿ ಮಾಡಿಸಿದರು. ನಾನು ನೋಡಿ ಸುಮ್ಮನಿರುವವಳಲ್ಲ.

"ಏನ್ರೀ ಬೀಗರ, ನಮ್ಮ ಕಡೆ ಇದನ್ನ ಹೊಲದ ಬದುವಿಗೆ ಹಚ್ಚತಾರ, ಆಡು ಒಳಗ ಬರಬಾರದಂತ. ಇಲ್ಲಿ ಯಾವ ಆಡು ಬರತಾವ?"

"ಆಡು ಬರೂದಿಲ್ಲರಿ. ಬೀಗತ್ಯಾರು ಬರತಾರಲ್ಲ, ಅದಕ್ಕ ಹಚ್ಚೇನಿ."

ಹೀಗೆ ನಮ್ಮಿಬ್ಬರಿಗೂ ಹೊಂದಿತು. ಶನಿವಾರ ಶನಿವಾರ ಅವರೇ ಕಾರು ಓಡಿಸಿಕೊಂಡು ನನ್ನನ್ನು ಪಕ್ಕದ ಊರು ಸ್ಟರ್ಲಿಂಗಿನ ನಮ್ಮವರ ಅಂಗಡಿಗೆ ಜೋಳದ ಹಿಟ್ಟಿಗೆ ಕರೆದೊಯ್ಯುತ್ತಿದ್ದರು. ಹೋಗುತ್ತಾ ಬರುತ್ತಾ ಜಗಳ — ಅವರ ಕಳ್ಳಿಯ ಮೇಲೆ, ನನ್ನ ರೊಟ್ಟಿಯ ದಪ್ಪದ ಮೇಲೆ. ವಯಸ್ಸು ಎಪ್ಪತ್ತೆಂಟಾದರೂ ಅವರು ಚಳಿಗಾಲಕ್ಕೆ ಅಟ್ಲಾಂಟಾದ ಮಗಳ ಮನೆಗೆ ತಾವೇ ಕಾರಿನಲ್ಲಿ ಹೋಗುತ್ತಿದ್ದರು. ದಾರಿಯಲ್ಲಿ ಶಾರ್ಲಟ್‌ನಲ್ಲಿ ಮೆಡಿಕಲ್ ಕಾಲೇಜಿನ ಗೆಳೆಯರೊಬ್ಬರ ಮನೆಯಲ್ಲಿ ಒಂದು ದಿನ ತಂಗುವುದು. ವಿಮಾನದಲ್ಲಿ ಹೋಗು ಡ್ಯಾಡ್ ಎಂದು ಆನಂದ ಹೇಳಿದರೆ, "ವಿಮಾನದಾಗ ಗೆಳೆಯಾನ ಮನಿ ಮುಂದ ಸ್ಟಾಪ್ ಕೊಡತಾರೇನು?" ಎನ್ನುತ್ತಿದ್ದರು. ಆ ಕಾರು ಅವರಿಗೆ ಬರೀ ಕಾರಾಗಿರಲಿಲ್ಲ. ಅದು ನನಗೆ ಗೊತ್ತಿತ್ತು. ಗೊತ್ತಿತ್ತು ಎಂಬುದನ್ನೂ ಇಲ್ಲಿ ಸೇರಿಸಬೇಕು.

ಆ ವರ್ಷ ಗಣಪತಿ ಹಬ್ಬ ಮುಗಿದ ಕೂಡಲೇ ಅವರು ಕಳ್ಳಿಗೆ ನೀರು ನಿಲ್ಲಿಸಿದರು. ಮೇಪಲ್ ಎಲೆ ಉದುರಲು ಶುರುವಾದಾಗ ಇಕ್ಕಳ ಹಿಡಿದು ಮುಳ್ಳಿನ ನಡುವಿನಿಂದ ಒಂದೊಂದೇ ಎಲೆ ಹೆಕ್ಕಿದರು — ಎಲೆ ಕೂತರೆ ತೇವ ಕೂರುತ್ತದೆಯಂತೆ. ನಾಲ್ಕು ಮೂಲೆಗೆ ನಾಲ್ಕು ಪೈಪು ನಿಲ್ಲಿಸಿ, ಮೇಲೆ ಓರೆಯಾಗಿ ಗಾಜಿನಂಥ ಪ್ಲಾಸ್ಟಿಕ್ ತಗಡು ಬಿಗಿದರು. ಮೇಲೆ ಚಪ್ಪರ, ಸುತ್ತ ಬಯಲು.

"ಬದಿಗೂ ಮುಚ್ಚಿಬಿಡ್ರಲ್ಲ, ಬೆಚ್ಚಗ ಇರತಾವ," ಅಂದೆ.

"ಬೆಚ್ಚಗ ಇಟ್ರ ಕೊಳೀತಾವ. ಗಾಳಿ ಆಡಬೇಕು. ಇವಕ್ಕ ಚಳಿ ಏನೂ ಮಾಡೂದಿಲ್ಲ ಬೀಗತ್ಯಾರ, ಹಸಿ ಕೊಲ್ಲತದ. ನೋಡ್ರಿ, ಚಳಿ ಬಂದ ಕೂಡ್ಲೆ ಇವು ಮೈಯಾಗಿನ ನೀರು ತಾವ ಕಡಿಮಿ ಮಾಡಕೋತಾವ. ಸುಕ್ಕ ಆಗತಾವ, ನೆಲಕ್ಕ ಮಲಗತಾವ, ಬಣ್ಣ ಕೆಂಪಗ ಆಗತದ. ಸತ್ತಾವು ಅಂತ ತಿಳೀಬ್ಯಾಡ್ರಿ. ಅದು ಚಳಿಗೆ ತಯಾರಿ."

ಗುಂಡು ಕಳ್ಳಿಗೆ ಮಾತ್ರ, ಹಿಮ ಗಟ್ಟಿಯಾಗಿ ಬೀಳುವ ಸಂಜೆ ಗೋಣಿತಾಟು ಹೊದಿಸಿ ಬೆಳಿಗ್ಗೆ ತೆಗೆಯಬೇಕು. ಅಷ್ಟು ಕೆಲಸ ನನ್ನದು. ಅಟ್ಲಾಂಟಾಕ್ಕೆ ಹೊರಡುವ ಮುಂಚೆ ರಿಯಾಳ ದಪ್ಪ ಪೆನ್ನು ತೆಗೆದುಕೊಂಡು ಕಾಗದದ ಮೇಲೆ ಬರೆದು ಗರಾಜಿನ ಬಾಗಿಲಿಗೆ ಅಂಟಿಸಿದರು: "ನೀರು ಬೇಡ. ಒಂದು ಹನಿಯೂ ಬೇಡ." ನಾನು ಓದಿದ್ದು ನಾಲ್ಕನೇ ಇಯತ್ತೆ. ಅಷ್ಟು ಓದಲು ಅದು ಸಾಕು.

ಇನ್ನು ನನ್ನ ಕೆಲಸ.

ದಿನಾ ಬೆಳಿಗ್ಗೆ ದೇವರನ್ನು ತೊಳೆದು ಪೂಜೆ ಮಾಡುತ್ತೇನೆ. ಆ ತೊಳೆದ ನೀರನ್ನು ಮುಸುರೆ ತಿಕ್ಕುವ ಸಿಂಕಿಗೆ ಸುರಿಯುವುದಿಲ್ಲ, ಯಾರಾದರೂ ತುಳಿಯುವ ಕಡೆಗೂ ಚೆಲ್ಲುವುದಿಲ್ಲ. ಗಿಡದ ಬುಡಕ್ಕೆ ಹಾಕುತ್ತೇನೆ. ನಮ್ಮವ್ವ ಹಾಗೆ ಮಾಡುತ್ತಿದ್ದಳು, ನಾನೂ ಹಾಗೇ. ಬೇಸಿಗೆಯಲ್ಲಿ ಹಿತ್ತಲಿನ ಮೇಪಲ್ ಮರದ ಬುಡ ಇತ್ತು. ಚಳಿಗಾಲದಲ್ಲಿ ಹಿಂದಿನ ಮೆಟ್ಟಿಲ ಮೇಲೆ ಮಂಜುಗಡ್ಡೆ ಕಟ್ಟುತ್ತದೆ. ಹಿಂದಿನ ವರ್ಷ ಒಮ್ಮೆ ಜಾರಿದ್ದೆ. "ಅವ್ವ, ಆ ಮೆಟ್ಟಿಲಾ ಇಳದೀ ನೋಡು ಮತ್ತ! ಸೊಂಟ ಮುರಕೊಂಡ್ರ ನನಗ ರಜಾ ಇಲ್ಲ," ಎಂದು ಸುಮಾ ಹಿಂದಿನ ಬಾಗಿಲಿಗೆ ಕುರ್ಚಿ ಅಡ್ಡ ಇಟ್ಟಿದ್ದಳು. ಉಳಿದದ್ದು ಗರಾಜಿನ ಬಾಗಿಲು. ಅದರಾಚೆ ಎರಡು ಹೆಜ್ಜೆಗೆ ಡಾಕ್ಟರ ಮಡಿ. ಮೇಲೆ ಚಪ್ಪರ, ಕೆಳಗೆ ಒಣ ಹರಳು, ಸುತ್ತ ಮುಳ್ಳು — ನಾಯಿ ಬೆಕ್ಕು ಕೂಡ ಕಾಲಿಡುವುದಿಲ್ಲ. ದೇವರ ನೀರಿಗೆ ಅದಕ್ಕಿಂತ ಮಡಿಯಾದ ಜಾಗ ಆ ಮನೆಯಲ್ಲಿ ನನಗೆ ಕಾಣಲಿಲ್ಲ.

ಮೊದಲ ದಿನ ತಂಬಿಗೆ ಹಿಡಿದು ಬಾಗಿಲ ಮುಂದೆ ನಿಂತೆ. ಕಾಗದ ಮುಖದ ಮುಂದೇ ಇತ್ತು. ಡಾಕ್ಟರು ಬೇಡ ಅಂದದ್ದು ಗಿಡಕ್ಕೆ ನೀರು ಹಾಕುವುದು. ಇದು ನೀರು ಹಾಕುವುದಲ್ಲ, ದೇವರದನ್ನು ಒಂದು ಕಡೆ ಬಿಡುವುದು — ಎಂದು ಮನಸ್ಸಿನಲ್ಲೇ ಹೇಳಿಕೊಂಡೆ. ತಪ್ಪೆಂದು ಗೊತ್ತಿಲ್ಲದವಳಿಗೆ ಇಂಥ ಮಾತು ಬೇಕಾಗುವುದಿಲ್ಲ. ನನಗೆ ಬೇಕಾಯಿತು.

ದಿನಕ್ಕೆ ಒಂದು ತಂಬಿಗೆ. ಸೋಮವಾರ ಅದರಲ್ಲಿ ಹಾಲೂ ಇರುತ್ತಿತ್ತು. ಡಿಸೆಂಬರಿನಿಂದ ಮಾರ್ಚಿನ ತನಕ ಒಂದು ದಿನವೂ ತಪ್ಪಿಸಲಿಲ್ಲ. ಕಳ್ಳಿಗಳು ಡಾಕ್ಟರು ಹೇಳಿದ ಹಾಗೇ ಸುಕ್ಕಾದವು, ಮಲಗಿದವು. ಹೇಳಿದ್ದರಲ್ಲ, ಇದೇ ತಯಾರಿ ಅಂದುಕೊಂಡೆ. ಗೋಣಿತಾಟು ಹೊದಿಸುವುದನ್ನೂ ತೆಗೆಯುವುದನ್ನೂ ಒಂದು ದಿನವೂ ಮರೆಯಲಿಲ್ಲ. ಎಷ್ಟು ನಿಷ್ಠೆ ನೋಡಿ! ಸಂಜೆ ಹೊದಿಸುವುದು, ಬೆಳಿಗ್ಗೆ ತೆಗೆಯುವುದು, ತೆಗೆದ ಕೂಡಲೇ ಬುಡಕ್ಕೆ ನೀರು. ಹಗಲು ಅದು ಇಳಿಯುತ್ತಿತ್ತು, ಕತ್ತಲಾದರೆ ಹೆಪ್ಪುಗಟ್ಟುತ್ತಿತ್ತು.

ಮಾರ್ಚಿನಲ್ಲಿ ಡಾಕ್ಟರು ಬಂದರು. ಕಾರಿನಿಂದ ಇಳಿದವರು ಮನೆಯೊಳಗೆ ಬರಲಿಲ್ಲ, ನೇರ ಮಡಿಗೆ ಹೋದರು. ಅಡುಗೆಮನೆಯ ಕಿಟಕಿಯಿಂದ ನೋಡಿದೆ. ಕೂತರು. ಒಂದು ಕಡ್ಡಿಯಿಂದ ಮುಟ್ಟಿದರು. ಅಂಗೈಯಂಥದ್ದು ಬುಡಸಮೇತ ಕಳಚಿ ಬಿತ್ತು. ಇನ್ನೊಂದು. ಮತ್ತೊಂದು. ಒಳಗೆ ಕೊಳೆತ ಬದನೆಕಾಯಿಯ ಹಾಗೆ ಕಪ್ಪು ನೀರು. ಕೊನೆಗೆ ಹರಳು ಸರಿಸಿ ಕೆಳಗಿನ ಮಣ್ಣನ್ನು ಮುಷ್ಟಿಯಲ್ಲಿ ಹಿಂಡಿದರು. ಬೆರಳ ಸಂದಿಯಿಂದ ನೀರು ಇಳಿಯಿತು. ಆ ಮುಷ್ಟಿಯನ್ನೇ ನೋಡುತ್ತ ಎಷ್ಟೋ ಹೊತ್ತು ಕೂತಿದ್ದರು.

ಆನಂದ ಹೊರಗೆ ಬಂದ. ಅವನು ಇಲ್ಲೇ ಹುಟ್ಟಿದವನು, ಅವನ ಕನ್ನಡ ಸಣ್ಣದು. "ಡ್ಯಾಡ್, ಇಷ್ಟು ವೆಟ್ ಹೇಗೆ? ಬೇಸ್‌ಮೆಂಟ್ ವಾಲ್ವ್ ಆಫ್ ಮಾಡಿದ್ಯಾ?"

ಬೇಸಿಗೆಯಲ್ಲಿ ನೀರು ಬಿಡುವ ತೂತಿನ ಪೈಪು ಮಡಿಯಲ್ಲೇ ಬಿದ್ದಿತ್ತು. ಚಳಿ ಬರುವ ಮುಂಚೆ ಹೊರಗಿನ ನಲ್ಲಿಗೆ ಹೋಗುವ ನೀರನ್ನು ನೆಲಮಾಳಿಗೆಯಲ್ಲಿ ತಿರುಗಿಸಿ ಬಂದ್ ಮಾಡುವುದು ಡಾಕ್ಟರ ಕೆಲಸ. ಮಾಡಿದ್ದರೋ ಇಲ್ಲವೋ ನೋಡೋಣ ಎಂದರೆ, ಹಿಂದಿನ ವಾರವಷ್ಟೇ ಸುಮಾ ಕಾರಿಗೆ ಹತ್ತಿದ ರಸ್ತೆಯ ಉಪ್ಪು ತೊಳೆಯಲು ಅದನ್ನು ತೆರೆದುಬಿಟ್ಟಿದ್ದಳು. ಮೊದಲು ತೆರೆದಿತ್ತೋ ಮುಚ್ಚಿತ್ತೋ, ಗಡಿಬಿಡಿಯಲ್ಲಿ ಅವಳು ಗಮನಿಸಿರಲಿಲ್ಲ.

"ಬಂದ್ ಮಾಡೇನಿ," ಅಂದರು ಡಾಕ್ಟರು. ಮುಷ್ಟಿಯ ಮಣ್ಣನ್ನು ಕೆಳಗೆ ಬಿಟ್ಟು — "ಮಾಡೇನಿ ಅಂತ ಅನಸ್ತದ."

ಆ "ಅನಸ್ತದ" ನನಗೆ ಕಿಟಕಿಯೊಳಗಿಂದಲೇ ಕೇಳಿಸಿತು.

ಕೈ ತೊಳೆದು ಅಡುಗೆಮನೆಗೆ ಬಂದರು. ನಾನು ರೊಟ್ಟಿ ಬಡಿಯುತ್ತಿದ್ದೆ. "ಬೀಗತ್ಯಾರ, ನೀವೇನರ ನೀರು ಹಾಕಿದ್ರೇನು?" ಸಿಟ್ಟಿನಿಂದ ಕೇಳಲಿಲ್ಲ. ಹೂಂ ಅನ್ನಲಿ ಎಂದು ಬೇಡುವವರ ಹಾಗೆ ಕೇಳಿದರು. ಹೂಂ ಎಂದಿದ್ದರೆ ಅವರು ನಕ್ಕು, ಬೈದು, ಆ ಶನಿವಾರ ಕಾರಿನಲ್ಲಿ ಅದೇ ಮಾತೆತ್ತಿ ಕಾಡಿಸಿ ಮುಗಿಸುತ್ತಿದ್ದರು.

"ನಾ ಯಾಕ ಹಾಕ್ಲಿ? ನೀವ ಬ್ಯಾಡ ಅಂದಿದ್ರಲ್ಲ," ಅಂದೆ. ರೊಟ್ಟಿ ಬಡಿಯುವುದನ್ನು ನಿಲ್ಲಿಸಲೂ ಇಲ್ಲ.

ಅಂಜಿಕೆಗೆ ಹೇಳಿದೆನೆ? ಅಲ್ಲ. ನನಗೆ ಯಾರ ಅಂಜಿಕೆಯೂ ಇಲ್ಲ. ತಪ್ಪು ಎಂದು ಒಪ್ಪಿ ಅಭ್ಯಾಸ ಇರಲಿಲ್ಲ, ಅಷ್ಟೇ. ಅದರಲ್ಲೂ ಓದಿದವರ ಮುಂದೆ.

ಆಮೇಲೆ ನಡೆದದ್ದು ನನ್ನ ಲೆಕ್ಕದಲ್ಲಿ ಇರಲಿಲ್ಲ. ಆನಂದ ಅವರನ್ನು ಮರೆವಿನ ಪರೀಕ್ಷೆಗೆ ಕರೆದೊಯ್ದ. ಗಡಿಯಾರದ ಚಿತ್ರ ಬರೆಯಿರಿ ಅಂದರಂತೆ, ಐದು ಶಬ್ದ ಹೇಳಿ ನೆನಪಿಡಿ ಅಂದರಂತೆ. ಆಯುಷ್ಯಪೂರ್ತಿ ಬೇರೆಯವರನ್ನು ಪರೀಕ್ಷೆ ಮಾಡಿದ ಮನುಷ್ಯ. ಎಲ್ಲ ಸರಿಯಿದೆ, ವಯಸ್ಸಿಗೆ ತಕ್ಕ ಹಾಗೆ ಎಂದು ಬಂತು. ಅವರು ನಂಬಲಿಲ್ಲ. "ಶುರುವಾಗೂ ಮುಂದ ಎಲ್ಲಾರದೂ ನಾರ್ಮಲ್ ಇರತದ," ಅಂದರು. ಚಹಾ ಕುಡಿದು ಕಪ್ಪು ತೊಳೆದಿಟ್ಟ ಮೇಲೆ ಮತ್ತೆ ಬಂದು ತೊಳೆದಿದ್ದೇನಾ ಎಂದು ನೋಡಲು ಶುರುಮಾಡಿದರು.

ಅವರ ತಲೆ ಸರಿಯಿದೆ ಎಂದು ಖಚಿತವಾಗಿ ಗೊತ್ತಿದ್ದವಳು ಆ ಮನೆಯಲ್ಲಿ ನಾನೊಬ್ಬಳೇ.

ಒಂದು ಶನಿವಾರ ಡಾಕ್ಟರು ಕಾರಿನ ಕೀಲಿ ಹಿಡಿದು ನಿಂತಿದ್ದರು. ಸುಮಾ ನನ್ನ ಕಡೆ ತಿರುಗಿ ಮೆಲ್ಲಗೆ ಕೇಳಿದಳು: "ಅವ್ವ, ಮಾವಾರ ಗಾಡಿಯಾಗ ಹೋಗ್ತೀ ಏನು?" ಅವಳು ಹಾಗೆ ಎಂದೂ ಕೇಳಿದವಳಲ್ಲ. ಮೆಲ್ಲಗೆ ಕೇಳಿದ್ದು ಎಲ್ಲರಿಗೂ ಕೇಳಿಸಿತು. ನಾನು ಬಾಯಿ ಬಿಡಬೇಕಾಗಿಯೂ ಇರಲಿಲ್ಲ — ಚೀಲ ತೆಗೆದುಕೊಂಡು ಹೋಗಿ ಕಾರಿನಲ್ಲಿ ಕೂತಿದ್ದರೆ ಸಾಕಿತ್ತು. ಆದರೆ ಒಂದು ತಾಸು ಅವರ ಪಕ್ಕ ಕೂರಲು ನನ್ನಿಂದ ಆಗುತ್ತಿರಲಿಲ್ಲ.

"ಬ್ಯಾಡ. ಸಂಜಿಕ್ಕ ಆನಂದ ಬಂದ ಮ್ಯಾಲೆ ಹೋಗತೀನಿ," ಅಂದೆ.

ಬೀಗತಿಗೇ ತಮ್ಮ ಕಾರೆಂದರೆ ಹೆದರಿಕೆ ಎಂದು ಅವರು ತಿಳಿದರು. ಎಲ್ಲರೂ ಹಾಗೇ ತಿಳಿದರು. ಡಾಕ್ಟರು ಕೀಲಿಯನ್ನು ಬಾಗಿಲ ಪಕ್ಕದ ಮೊಳೆಗೆ ತೂಗುಹಾಕಿ ತಮ್ಮ ಕೋಣೆಗೆ ಹೋದರು. ಮತ್ತೆ ಅದನ್ನು ಮುಟ್ಟಲಿಲ್ಲ. ಭಾನುವಾರಕ್ಕೊಮ್ಮೆ ಆನಂದ ತನ್ನ ಬಳಿಯಿದ್ದ ಇನ್ನೊಂದು ಕೀಲಿಯಿಂದ ಕಾರನ್ನು ಬ್ಯಾಟರಿ ಹೋಗದಿರಲೆಂದು ಒಂದು ಸುತ್ತು ತಿರುಗಿಸಿ ತರುತ್ತಿದ್ದ. ಮರುವರ್ಷ ಅಟ್ಲಾಂಟಾಕ್ಕೆ ವಿಮಾನದಲ್ಲಿ ಕಳಿಸಿದರು. ಶಾರ್ಲಟ್ ಮೇಲಿಂದ ಹಾರಿಹೋದರು. ಅಲ್ಲಿದ್ದ ಗೆಳೆಯರು ಅದರ ಮುಂದಿನ ಬೇಸಿಗೆಯಲ್ಲಿ ತೀರಿಕೊಂಡರು. ಅದನ್ನು ಯಾವ ಮಾತಿನಿಂದಲೂ ನಾನು ಹಿಂದಕ್ಕೆ ತರಲಾರೆ.

ಇನ್ನೊಂದು ಇದೆ. ಮಾರ್ಚಿನ ಆ ದಿನ ಅವರು ಕೊಳೆತ ಕಳ್ಳಿಗಳನ್ನೆಲ್ಲ ಕಸದ ಚೀಲಕ್ಕೆ ತುಂಬಿ ಹೋದ ಮೇಲೆ ನಾನು ಚೀಲ ಬಿಚ್ಚಿ ನೋಡಿದೆ. ಒಂದೇ ಒಂದು ಅಂಗೈ, ಅಂಚಿನಲ್ಲಿ ಮಾತ್ರ ಕಪ್ಪಾದದ್ದು. ಕಪ್ಪನ್ನು ಚಾಕುವಿನಿಂದ ಕೊಯ್ದು, ವಾರಗಟ್ಟಲೆ ಒಣಗಿಸಿ, ಮನೆಯ ಹಿಂದೆ ಏಸಿ ಡಬ್ಬಿಯ ಮರೆಯಲ್ಲಿ ಯಾರಿಗೂ ಕಾಣದ ಹಾಗೆ ನೆಟ್ಟೆ. ಬೇರು ಹಿಡಿದರೆ ಕೊಟ್ಟು, ಹೇಳಿಬಿಡೋಣ ಎಂದಿದ್ದೆ. ಬೇರು ಹಿಡಿಯಿತು. ಹೇಳಲಿಲ್ಲ. ಎರಡು ಅಂಗೈ ಆದ ಮೇಲೆ ಹೇಳೋಣ... ಹೂವು ಬಂದ ಮೇಲೆ... ಎರಡು ಚಳಿಗಾಲ ಕಾದೆ. ಡಾಕ್ಟರು ಹೇಳಿಕೊಟ್ಟದ್ದನ್ನು ಅಕ್ಷರಶಃ ಮಾಡಿದೆ. ಗಣಪತಿ ಹಬ್ಬದ ನಂತರ ಹನಿ ನೀರಿಲ್ಲ. ಎಲೆ ಹೆಕ್ಕಿದೆ. ಕೇಕಿನ ಡಬ್ಬಿಯ ತಿಳಿ ಮುಚ್ಚಳವನ್ನು ನಾಲ್ಕು ಕೋಲಿನ ಮೇಲೆ ಓರೆಯಾಗಿ ಕಟ್ಟಿದೆ. ಮೇಲೆ ಚಪ್ಪರ, ಸುತ್ತ ಬಯಲು. ದೇವರ ನೀರನ್ನು ಬಕೆಟ್ಟಿನಲ್ಲಿ ಕೂಡಿಟ್ಟು, ಆನಂದನಿಗೆ ಹೇಳಿ ಮೇಪಲ್ ಬುಡಕ್ಕೆ ಹಾಕಿಸಿದೆ. ಅಷ್ಟು ಸುಲಭ ಇತ್ತು. ಕೇಳಿದ್ದರೆ ಮೊದಲ ವರ್ಷವೂ ಅವನು ಹಾಕುತ್ತಿದ್ದ.

ಕಳೆದ ನವೆಂಬರಿನ ಒಂದು ಮಧ್ಯಾಹ್ನ ಡಾಕ್ಟರು ಹಿಂದಿನ ಬಾಗಿಲಿನಿಂದ ಕೂಗಿದರು. ಸ್ವರ ಅವರದಾಗಿರಲಿಲ್ಲ. ಮೆಟ್ಟಿಲಿಳಿದು ಹೋದೆ. ಅವರು ಏಸಿ ಡಬ್ಬಿಯ ಹಿಂದೆ ಬಗ್ಗಿ ನಿಂತಿದ್ದರು. ಕಳ್ಳಿಗೆ ಏಳು ಅಂಗೈ ಆಗಿತ್ತು. ಚಳಿಗೆ ಸುಕ್ಕಾಗಿ ಅರ್ಧ ಮಲಗಿತ್ತು.

"ಬೀಗತ್ಯಾರ, ಇದನ್ನ ನಾ ಯಾವಾಗ ಹಚ್ಚಿದೆ?"

ಅವರು ಬುಡದ ಹರಳಿನ ಮೇಲೆ ಬೆರಳಾಡಿಸಿದರು.

"ನಂದ ಕೆಲಸ ಇದು. ಬದಿ ನೋಡ್ರಿ, ಓಪನ್ ಇಟ್ಟೇನಿ. ಬುಡಕ್ಕ ಹರಳು ಹಾಕೇನಿ. ಈ ಊರಾಗ ಮತ್ಯಾರೂ ಹಿಂಗ ಮಾಡೂದಿಲ್ಲ. ಆದ್ರ... ನನಗ ಒಂದು ಚೂರೂ ನೆನಪಿಲ್ಲ." ಆಮೇಲೆ ಮನೆಯ ಕಡೆ ನೋಡಿ ದನಿ ಇಳಿಸಿದರು. "ಆನಂದಗ ಹೇಳಬ್ಯಾಡ್ರಿ. ಕೈ ಮುಗೀತೀನಿ. ಎಲ್ಲೆರ ಒಯ್ದು ಇಟ್ಟುಬಿಡ್ತಾರ ನನ್ನ."

ನಾನು ಬದುಕಿಸಿದ ಗಿಡವೂ ಅವರಿಗೆ ಎದುರಾಗಿ ಸಾಕ್ಷಿ ಹೇಳುತ್ತಿತ್ತು.

"ನೀವು ಹಚ್ಚಿಲ್ಲ. ನಾ ಹಚ್ಚೇನಿ," ಅಂದೆ. "ಆವಾಗ ಅವನ್ನ ಕೊಂದಾಕಿನೂ ನಾನ. ದೇವರ ನೀರು ದಿನಾ ಅಲ್ಲೇ ಹಾಕಿದೆ. ನೀವು ಕೇಳಿದಾಗ ಸುಳ್ಳು ಹೇಳಿದೆ. ಅವತ್ತ ನಿಮ್ಮ ಗಾಡಿ ಅಂಜಿ ಬಿಟ್ಟದ್ದಲ್ಲ. ನಿಮ್ಮ ಮಗ್ಗಲಕ ಕೂಡಾಕ ಮುಖ ಇರಲಿಲ್ಲ."

ಬೈಯುತ್ತಾರೆ ಅಂದುಕೊಂಡೆ. ಬೈದಿದ್ದರೆ ಹಗುರಾಗುತ್ತಿತ್ತು. ಅವರು ಗೋಡೆ ಹಿಡಿದು ನೆಟ್ಟಗಾದರು.

"ಹಂಗಾದ್ರ ಆ ವಾಲ್ವ್ ನಾ ಬಂದ್ ಮಾಡಿದ್ದೆ."

"ಮಾಡಿದ್ರಿ."

"ಬಂದ್ ಮಾಡಿದ್ದೆ," ಎಂದು ಇನ್ನೊಮ್ಮೆ, ತಮಗೇ ಹೇಳಿಕೊಂಡರು. ನನ್ನ ಮುಖ ನೋಡದೆ ಒಳಗೆ ಹೋದರು.

ಸಂಜೆ ಊಟಕ್ಕೆ ಅವರು ಬರಲಿಲ್ಲ. ಉಳಿದವರೆಲ್ಲ ಕೂತಿದ್ದಾಗ ನಾನು ಎಲ್ಲವನ್ನೂ ಹೇಳಿದೆ, ತಂಬಿಗೆಯಿಂದ ಕೀಲಿಯ ತನಕ. ಸುಮಾ ತಟ್ಟೆಯನ್ನೇ ನೋಡುತ್ತಿದ್ದಳು. ಆನಂದ ಎದ್ದು ಹೋಗಿ ತಂದೆಯ ಬಾಗಿಲ ಮುಂದೆ ನಿಂತ. ತಟ್ಟಲು ಎತ್ತಿದ ಕೈ ಹಾಗೇ ಇಳಿಯಿತು. ರಿಯಾ ಮಾತ್ರ ನೇರ ಕೇಳಿದಳು. "ವೇಟ್, ಅಜ್ಜಿ. ಯು ಲೈಡ್ ಟು ಅಜ್ಜ?"

"ಹೌದವ್ವ. ಲೈಡ್," ಅಂದೆ.

"ಫಾರ್ ಟೂ ಇಯರ್ಸ್?"

"ಹೆಚ್ಚ ಆಯ್ತು."

ಅವಳ ಇಂಗ್ಲಿಷು ನನಗೆ ಅರ್ಧ ತಿಳಿಯುತ್ತದೆ. ಆ ಮುಖ ಪೂರ್ತಿ ತಿಳಿಯಿತು.

ಕ್ಷಮಿಸಿ ಎಂದು ನಾನು ಡಾಕ್ಟರನ್ನು ಕೇಳಿಲ್ಲ, ಇಲ್ಲಿಯೂ ಕೇಳುವುದಿಲ್ಲ. ಹನ್ನೊಂದು ಕಳ್ಳಿಗೆ ಒಂದು ಕಳ್ಳಿ ಕೊಡಬಹುದು. ತನ್ನ ತಲೆಯ ಮೇಲೆ ತನಗೇ ನಂಬಿಕೆ ಇಲ್ಲದೆ ಒಬ್ಬ ಮನುಷ್ಯ ಕಳೆದ ದಿನಗಳಿಗೆ ಏನು ಕೊಡುವುದು...

ಮರುದಿನ ಶನಿವಾರ. ಬೆಳಿಗ್ಗೆ ಪೂಜೆ ಮುಗಿಸಿ, ದೇವರ ನೀರನ್ನು ಬಕೆಟ್ಟಿಗೆ ಹಾಕಿದೆ. ಚಹಾ ಮಾಡಿ ಡಾಕ್ಟರ ಕಪ್ಪನ್ನು ಅವರ ಜಾಗದಲ್ಲಿ ಇಟ್ಟೆ. ಮೊಳೆಯಿಂದ ಕೀಲಿ ತೆಗೆದು, ಸೆರಗಿನಿಂದ ಧೂಳು ಒರೆಸಿ, ಕಪ್ಪಿನ ಪಕ್ಕದಲ್ಲಿ ಇಟ್ಟೆ. ಅವರ ಕೋಣೆಯ ಬಾಗಿಲಿಗೆ ಮುಖ ಮಾಡಿ, "ಬೀಗರ, ಜ್ವಾಳದ ಹಿಟ್ಟು ಮುಗದದ," ಎಂದು ಒಮ್ಮೆ ಮಾತ್ರ ಕೂಗಿದೆ. ಸ್ವೆಟರು ಹಾಕಿಕೊಂಡೆ, ಚೀಲ ತೆಗೆದುಕೊಂಡೆ. ಗರಾಜಿಗೆ ಹೋಗಿ ಅವರ ಕಾರಿನ ಬಾಗಿಲು ತೆಗೆದು, ಚಾಲಕನ ಪಕ್ಕದ ಸೀಟಿನಲ್ಲಿ ಕೂತು ಬೆಲ್ಟು ಹಾಕಿಕೊಂಡೆ.